ಕೇಳಬಹುದು, ಮಾತಾಡುವಂತಿಲ್ಲ

ಕ್ರೋಂಪೇಟೆ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಫ್ಲ್ಯಾಟಿನವರು ಮೊದಲು ಕೇಳುವುದು ನಯಾಗರ ನೋಡಿದಿರಾ ಎಂದು. ನಾವು ನೋಡಲಿಲ್ಲ. ನ್ಯೂಯಾರ್ಕಿನಲ್ಲಿ ಪಂಜು ಹಿಡಿದು ನಿಂತ ಹೆಂಗಸನ್ನೂ ನೋಡಲಿಲ್ಲ. ಹಾಗಾದರೆ ಅಷ್ಟು ದಿನ ಏನು ಮಾಡಿದಿರಿ ಎಂದು ಕೆಳಗಿನ ಮನೆಯ ಮಾಮಿ ಕೇಳಿದಾಗ ಇದ್ದದ್ದನ್ನೇ ಹೇಳಿದೆ: ಒಂದು ಹಳೆಯ ಕಾರಿನಲ್ಲಿ ಕೂತು, ರೈಲಿನವರು ತಮ್ಮತಮ್ಮಲ್ಲಿ ಮಾತಾಡುವುದನ್ನು ಕೇಳಿಸಿಕೊಂಡೆವು. ಮಾಮಿ ನನ್ನ ಮುಖವನ್ನೇ ನೋಡಿ, "ಅದುಕ್ಕಾ ಅವ್ವಳವು ದೂರಂ?" ಎಂದರು, ಅದಕ್ಕೋಸ್ಕರ ಅಷ್ಟು ದೂರವೇ ಎಂದು. ನ್ಯಾಯವಾದ ಪ್ರಶ್ನೆ. ನಮ್ಮ ಬಾಲ್ಕನಿಯ ಎದುರಿಗೇ ಚೆನ್ನೈ ಬೀಚ್ ಸ್ಟೇಷನ್ ಕಡೆಯಿಂದ ತಾಂಬರಂಗೆ ಲೋಕಲ್ ಓಡುತ್ತದೆ. ರೈಲು ಬೇಕಾದವರು ಕ್ರೋಂಪೇಟೆ ಬಿಟ್ಟು ಹೋಗಬೇಕಾಗಿಲ್ಲ.

ಹೊರಟಾಗ ರೈಲಿನ ಯೋಚನೆಯೇ ಇರಲಿಲ್ಲ. ನನ್ನ ತಂಗಿ ಜಾನಕಿ ಇಲಿನಾಯ್ಸ್ ರಾಜ್ಯದ ಒಂದು ಪುಟ್ಟ ಊರಿನಲ್ಲಿ ಲೈಬ್ರರಿಯನ್. ವರ್ಷ ವರ್ಷವೂ ಕರೆಯುತ್ತಿದ್ದಳು. ನಾನು ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತಳಾದ ಮೇಲೆ ನೆಪಗಳು ಮುಗಿದವು. ನಮ್ಮ ಯಜಮಾನರು ಅದಕ್ಕೂ ಮುಂಚೆಯೇ ನಿವೃತ್ತರಾಗಿದ್ದರು. ಅವರು ರೈಲ್ವೆಯಲ್ಲಿ ಸೆಕ್ಷನ್ ಕಂಟ್ರೋಲರ್. ಹಾಗೆಂದರೆ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಕೂತು, ಯಾವ ಗಾಡಿ ಎಲ್ಲಿ ನಿಲ್ಲಬೇಕು, ಯಾವುದನ್ನು ಮುಂದೆ ಬಿಡಬೇಕು ಎಂದು ಸ್ಟೇಷನ್ ಮಾಸ್ತರರಿಗೆ ಹೇಳುತ್ತಿರುವ ಕೆಲಸ. ಗಾಡಿಗಳೆಲ್ಲ ಅವರ ಎದುರಿನ ಚಾರ್ಟಿನಲ್ಲಿ ಓರೆ ಗೆರೆಗಳು. ಇಡೀ ಉದ್ಯೋಗ ಅದರಲ್ಲೇ ಕಳೆದರು. ದಿನವೆಲ್ಲ ಮಾತಾಡಿ ಮನೆಗೆ ಬಂದರೆ ಇವರ ಹತ್ತಿರ ಮಾತು ಉಳಿದಿರುತ್ತಿರಲಿಲ್ಲ. ಅನ್ನ ಬಡಿಸಿದರೆ ಊಟ, ಪೇಪರ್ ಕೊಟ್ಟರೆ ಓದು. ನಿವೃತ್ತಿಯ ಮೇಲಾದರೂ ಬಾಯಿ ಬಿಡುತ್ತಾರೆಂದು ಕಾದೆ. ಬಿಡಲಿಲ್ಲ. ಸ್ವಭಾವವೇ ಇಷ್ಟು ಎಂದುಕೊಂಡು ನಾನು ಟಿ.ವಿ.ಯ ಸದ್ದು ಹೆಚ್ಚಿಸಿದೆ.

ಜಾನಕಿಯ ಊರು

ಊರು ಚಪ್ಪಟೆ. ದೋಸೆ ಹೆಂಚಿನಷ್ಟು ಚಪ್ಪಟೆ. ಸುತ್ತ ಮೆಕ್ಕೆಜೋಳ, ನಡುವೆ ಮನೆಗಳು, ಪ್ರತಿ ಮನೆಯ ಮುಂದೆ ಯಾರೂ ಕೂರದ ಎರಡು ಕುರ್ಚಿ. ಬೀದಿಯಲ್ಲಿ ಮನುಷ್ಯರಿಲ್ಲ. ಹೂವಿನವಳಿಲ್ಲ, ಇಸ್ತ್ರಿ ಗಾಡಿಯಿಲ್ಲ, ಧ್ವನಿವರ್ಧಕ ಕಟ್ಟಿಕೊಂಡು ಈರುಳ್ಳಿ ಮಾರುವ ಆಟೋ ಇಲ್ಲ. ಜಾನಕಿ ಬೆಳಗ್ಗೆ ಲೈಬ್ರರಿಗೆ ಹೋದರೆ ಸಂಜೆಗೇ ಬರುವುದು. ಅಲ್ಲಿಯವರೆಗೆ ನಾವಿಬ್ಬರು ಮತ್ತು ಫ್ರಿಜ್ಜಿನ ಸದ್ದು. ಅದರ ಮಧ್ಯೆ ದೂರದಿಂದ ರೈಲಿನ ಕೂಗು. ಎರಡು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ಅಲ್ಲಿ ಪ್ರತಿ ಲೆವೆಲ್ ಕ್ರಾಸಿಂಗಿಗೂ ಹಾಗೆ ಕೂಗಬೇಕೆಂದು ನಿಯಮವಂತೆ. ಕೂಗು ಕೇಳಿದಾಗಲೆಲ್ಲ ಇವರು ಪೇಪರಿನಿಂದ ತಲೆ ಎತ್ತುತ್ತಿದ್ದರು. ಅಷ್ಟೇ.

ಪಕ್ಕದ ಮನೆಯ ಡೋರಿಸ್ ನಮಗೆ ಸಿಕ್ಕಿದ್ದು ಇವರ ವೇಷ್ಟಿಯಿಂದ, ಅಂದರೆ ಪಂಚೆಯಿಂದ. ಜಾನಕಿಯ ಮನೆಯಲ್ಲಿ ಬಟ್ಟೆ ಒಣಗಿಸಲು ಯಂತ್ರವಿದೆ. ಇವರಿಗೆ ಅದರಲ್ಲಿ ನಂಬಿಕೆಯಿಲ್ಲ. ಬಿಸಿಲಿರುವಾಗ ಯಂತ್ರ ಏಕೆ ಎಂದು ಮುಂದಿನ ಕಟಕಟೆಯ ಮೇಲೆ ಹರಡಿದರು. ಬಯಲಿನ ಗಾಳಿ ಅದನ್ನು ಎತ್ತಿಕೊಂಡು ಪಕ್ಕದ ಮನೆಯ ಸೇಬಿನ ಮರಕ್ಕೆ ಉಡಿಸಿತು. ಸ್ವಲ್ಪ ಹೊತ್ತಿಗೆ ಎಪ್ಪತ್ತು ದಾಟಿದ, ಗಂಡಸರ ಶರಟು ತೊಟ್ಟ ಒಬ್ಬ ಹೆಂಗಸು ಅದನ್ನು ನೀಟಾಗಿ ಮಡಿಸಿ ತಂದು, "ನಿಮ್ಮ ಮೇಜಿನ ಬಟ್ಟೆ," ಎಂದು ಕೊಟ್ಟಳು. ನಾನು ಥ್ಯಾಂಕ್ಸ್ ಎಂದೆ. ತಿದ್ದಲು ಹೋಗಲಿಲ್ಲ. ತಿದ್ದಿದ್ದರೆ ಅದನ್ನು ಎಲ್ಲಿ ಉಡುತ್ತಾರೆಂದು ವಿವರಿಸಬೇಕಾಗುತ್ತಿತ್ತು.

ಅವಳ ಸೊಂಟದಲ್ಲಿ ಕರಿ ಪೆಟ್ಟಿಗೆಯೊಂದು ಸಿಕ್ಕಿಸಿಕೊಂಡಿತ್ತು, ಮೇಲೆ ಗಿಡ್ಡನೆಯ ಆಂಟೆನಾ. ಅದರೊಳಗಿಂದ ಒಬ್ಬ ಗಂಡಸು ಏನೋ ಗೊಣಗಿದ. ಒಬ್ಬ ಹೆಂಗಸು ನಿಧಾನವಾಗಿ, ಒಂದೊಂದೇ ಅಂಕಿ ಬಿಡಿಸಿ ಉತ್ತರ ಕೊಟ್ಟಳು.

ನನ್ನ ಹಿಂದೆ ನಿಂತಿದ್ದ ಇವರು ಬಾಗಿಲಿನಿಂದ ಹೊರಗೆ ಬಂದರು. "ಅದು ಕಂಟ್ರೋಲ್," ಎಂದರು ಕನ್ನಡದಲ್ಲಿ, ಯಾರಿಗೂ ಅಲ್ಲವೆಂಬಂತೆ. ಆಮೇಲೆ ಇಂಗ್ಲಿಷಿನಲ್ಲಿ ಡೋರಿಸ್ಸಿಗೆ, "ಆ ಲೇಡಿ ಕಂಟ್ರೋಲರ್ ತಾನೆ?"

"ಡಿಸ್ಪ್ಯಾಚರ್ ಅಂತೀವಿ," ಎಂದಳು ಡೋರಿಸ್. "ನಾಳೆ ಯಾರ್ಡಿಗೆ ಹೋಗ್ತೀನಿ. ಬರ್ತೀರಾ?"

ಇವರು ನನ್ನನ್ನು ಕೇಳದೆ ಹೂಂ ಎಂದುಬಿಟ್ಟರು. ಮದುವೆಯಾದ ಮೇಲೆ ಇವರು ಯಾರದಾದರೂ ಆಹ್ವಾನವನ್ನು ಅಷ್ಟು ಬೇಗ ಒಪ್ಪಿದ್ದನ್ನು ನಾನು ನೋಡಿರಲಿಲ್ಲ.

ಯಾರ್ಡಿನ ಬೇಲಿ

ನೋಡುವಂಥದ್ದು ಅಲ್ಲೇನೂ ಇರಲಿಲ್ಲ. ಒಂದು ತಂತಿ ಬೇಲಿ, ಆಚೆ ಲೆಕ್ಕ ತಪ್ಪುವಷ್ಟು ಹಳಿಗಳು, ಹಳಿಗಳ ಮೇಲೆ ಧೂಳು ಹಿಡಿದ ವ್ಯಾಗನ್ನುಗಳು. ಈಚೆ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಜನ ಕೂತಿದ್ದರು. ಮಡಿಸುವ ಕುರ್ಚಿ, ಫ್ಲಾಸ್ಕು, ಸ್ಯಾಂಡ್‌ವಿಚ್, ಎಲ್ಲರ ಹತ್ತಿರವೂ ಅಂಥದೇ ಪೆಟ್ಟಿಗೆ. ಅದಕ್ಕೆ ಸ್ಕ್ಯಾನರ್ ಎನ್ನುತ್ತಾರೆ. ರೈಲಿನವರ ವೈರ್‌ಲೆಸ್ ಮಾತು ಯಾವ ಅಲೆಯಲ್ಲಿ ಬಂದರೂ ಅದು ಹುಡುಕಿ ಹಿಡಿಯುತ್ತದೆ. ಕೇಳುವುದಕ್ಕೆ ಮಾತ್ರ. ತಿರುಗಿ ಒಂದಕ್ಷರ ಹೇಳಲು ಅದರಲ್ಲಿ ಗುಂಡಿಯೇ ಇಲ್ಲ. ನಮ್ಮಲ್ಲಿ ಇಂಥದ್ದನ್ನು ಲೈಸೆನ್ಸಿಲ್ಲದೆ ಇಟ್ಟುಕೊಂಡರೆ ಪೊಲೀಸರು ಬರುತ್ತಾರೆ ಎಂದು ಇವರು ಹೇಳಿದಾಗ ಡೋರಿಸ್ಸಿಗೆ ಬಹಳ ಆಶ್ಚರ್ಯವಾಯಿತು. ಅವಳ ಪ್ರಕಾರ ಅದು ಪಕ್ಕದ ಮನೆಯ ಜಗಳ ಕೇಳಿಸಿಕೊಂಡಷ್ಟೇ ಸಹಜ.

ಅವಳ ಗಂಡ ಗೂಡ್ಸ್ ರೈಲಿನ ಡ್ರೈವರ್ ಆಗಿದ್ದನಂತೆ. ಅವನು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆಂದು ತಿಳಿಯುವುದಕ್ಕೆ ಇದನ್ನು ಕೊಂಡಳು. ಊರ ಹೊರಗಿನ ಸೇತುವೆಯ ಹತ್ತಿರ ಅವನ ಧ್ವನಿ ಕೇಳಿದರೆ ಆಲೂಗಡ್ಡೆ ಒಲೆಗಿಡುವುದು. ಅವನು ಬಾಗಿಲಿಗೆ ಬರುವಾಗ ಬೆಂದಿರುತ್ತಿತ್ತು.

"ಈಗ ಅವರು..." ಎಂದು ನಾನು ಧ್ವನಿ ತಗ್ಗಿಸಿದೆ.

"ಸತ್ತಿಲ್ಲ. ಇನ್ನೊಬ್ಬಳ ಜೊತೆ ಅರಿಝೋನಾಗೆ ಹೋದ," ಎಂದಳು ಡೋರಿಸ್. "ರೇಡಿಯೋ ಬಿಟ್ಟುಹೋದ. ನನಗೆ ಅಷ್ಟರಲ್ಲಿ ಇದೇ ಹೆಚ್ಚು ಅಭ್ಯಾಸವಾಗಿತ್ತು."

ಮೊದಲ ದಿನ ನನಗೆ ಏನೂ ಅರ್ಥವಾಗಲಿಲ್ಲ. ಕರಕರ ಸದ್ದು, ಅಂಕಿಗಳು, ಮತ್ತೆ ಓವರ್. ಒಂದು ಹೆಣ್ಣು ಧ್ವನಿ ಆಗಾಗ ಬಂದು "ನೋ ಡಿಫೆಕ್ಟ್ಸ್" ಎನ್ನುತ್ತಿತ್ತು. ಪಾಪ, ಈ ಹೊಲಗಳ ನಡುವೆ ಯಾರೋ ಹೆಂಗಸು ಗೂಡಿನಲ್ಲಿ ಕೂತು ಹಾದುಹೋಗುವ ಗಾಡಿಗಳನ್ನು ನೋಡಿ ಹೇಳುತ್ತಿದ್ದಾಳೆ ಎಂದುಕೊಂಡೆ. ಅವಳಿಗೆ ಊಟ ಯಾರು ತಂದುಕೊಡುತ್ತಾರೆ ಎಂದೂ ಕೇಳಿಬಿಟ್ಟೆ. ಡೋರಿಸ್ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕಳು. ಅದು ಹಳಿಯ ಪಕ್ಕದ ಯಂತ್ರ. ಗಾಲಿ ಕಾದಿದೆಯೇ, ಏನಾದರೂ ನೇತಾಡುತ್ತಿದೆಯೇ ಎಂದು ಪರೀಕ್ಷಿಸಿ, ತಾನೇ ರೇಡಿಯೋದಲ್ಲಿ ಹೇಳುತ್ತದೆ.

ನಿಜವಾದ ಹೆಂಗಸೆಂದರೆ ಆ ಡಿಸ್ಪ್ಯಾಚರ್. ಅವಳು ಎಲ್ಲೋ ಬೇರೆ ರಾಜ್ಯದ ಪಟ್ಟಣದಲ್ಲಿ ಕೂತಿರುತ್ತಾಳಂತೆ. ಬೇಲಿಯ ಹತ್ತಿರ ಕೂತ ಯಾರೂ ಅವಳನ್ನು ನೋಡಿಲ್ಲ, ಹೆಸರೂ ಗೊತ್ತಿಲ್ಲ. ಧ್ವನಿಯಿಂದ ಐವತ್ತು ದಾಟಿರಬೇಕು. ಅವಳು ಅವಸರ ಮಾಡುತ್ತಿರಲಿಲ್ಲ, ರೇಗುತ್ತಲೂ ಇರಲಿಲ್ಲ. ಯಾರೋ ಡ್ರೈವರ್ ಇಷ್ಟು ಹೊತ್ತು ಏಕೆ ನಿಲ್ಲಿಸಿದ್ದೀರಿ ಎಂದು ಸಿಡುಕಿದರೆ, "ಕೇಳಿಸಿತು. ನಿಮ್ಮನ್ನು ಮರೆತಿಲ್ಲ," ಎನ್ನುತ್ತಿದ್ದಳು.

ಅದನ್ನು ಕೇಳಿ ಇವರು ತೊಡೆ ತಟ್ಟಿದರು. "ಅದೇ ವಿಮಲಾ, ಅದೇ! ಅವನ್ಗೆ ರೂಟ್ ಇಲ್ಲ, ಮುಂದೆ ಒಂದು ಗಾಡಿ ಮಾಟ್ಟಿಕೊಂಡು ನಿಂತಿದೆ. ಅವಳು ಅದನ್ನ ಹೇಳಕ್ಕಾಗಲ್ಲ. ಹೇಳಿದ್ರೆ ಅವನು ಇನ್ನೂ ಹತ್ತು ಪ್ರಶ್ನೆ ಕೇಳ್ತಾನೆ. ಅದುಕ್ಕೇ ಮರೆತಿಲ್ಲ ಅಂದ್ಲು. ನಾನೂ ಚೆಂಗಲ್ಪಟ್ಟು ಸ್ಟೇಷನ್ನೋರಿಗೆ ಅದೇ ಹೇಳ್ತಿದ್ದೆ. ‘ಮರಕ್ಕಲೆ ಸಾರ್, ಮರಕ್ಕಲೆ’ ಅಂತ."

ಇಷ್ಟು ಉದ್ದ ಮಾತನ್ನು ಇವರು ಒಂದೇ ಉಸಿರಿಗೆ ಆಡಿದ್ದು ನನಗೆ ನೆನಪಿಲ್ಲ. ಅಂದಿನಿಂದ ದಿನವೂ ಹೋದೆವು. ಆ ಕಡೆ ಅವಳು ಮಾತಾಡುತ್ತಿದ್ದಳು, ಈ ಕಡೆ ಇವರು ನನಗೆ ಬಿಡಿಸಿ ಹೇಳುತ್ತಿದ್ದರು. ಇವರ ಲೆಕ್ಕ ಎಷ್ಟೋ ಸಲ ತಪ್ಪುತ್ತಿತ್ತು. ಈಗ ಎಡಗಡೆಯಿಂದ ಗಾಡಿ ಬರುತ್ತದೆ ನೋಡು ಎಂದರೆ ಬಲಗಡೆಯಿಂದ ಬರುತ್ತಿತ್ತು. "ಇಲ್ಲಿನ ರೂಲ್ಸ್ ಬೇರೆ," ಎಂದು ಒಂದು ಗುಟುಕು ಕಾಫಿ ಕುಡಿದು ಮುಂದುವರಿಸುತ್ತಿದ್ದರು. ಇವರು ಆಫೀಸಿನಲ್ಲಿ ಇಡೀ ದಿನ ಹೇಗಿರುತ್ತಿದ್ದರೆಂದು ನನಗೆ ಮೊದಲ ಬಾರಿಗೆ ಕೇಳಿಸಿತು, ಅದೂ ಬೇರೊಬ್ಬ ಹೆಂಗಸಿನ ಧ್ವನಿಯಲ್ಲಿ.

ಪೊಲೀಸಿನವನು

ಒಂದು ಮಧ್ಯಾಹ್ನ ಡೋರಿಸ್ ಸ್ಕ್ಯಾನರನ್ನು ಇವರ ಕೈಗೆ ಕೊಟ್ಟು, ಕಾಫಿ ತರಲು ನಡೆದುಹೋಗಿದ್ದಳು. ಕಾರಿನಲ್ಲಿ ನಾವಿಬ್ಬರೇ. ಹಿಂದೆ ಪೊಲೀಸ್ ಕಾರು ಬಂದು ನಿಂತಿತು. ಎಳೆ ವಯಸ್ಸಿನ ಅಧಿಕಾರಿಯೊಬ್ಬ ಇಳಿದು, ಟೋಪಿ ಸರಿಮಾಡಿಕೊಳ್ಳುತ್ತ ನಮ್ಮತ್ತ ಬಂದ. ರೈಲ್ವೆ ಯಾರ್ಡು, ಪರದೇಶಿಗಳು, ವೈರ್‌ಲೆಸ್ಸು. ಇವರು ತಡಮಾಡಲಿಲ್ಲ. ಸ್ಕ್ಯಾನರನ್ನು ಸೀಟಿನ ಮೇಲಿಟ್ಟು ಅದರ ಮೇಲೆ ಕೂತುಬಿಟ್ಟರು.

"ರೀ, ಏನ್ರೀ ಇದು!"

"ಸುಮ್ನಿರು. ಪಾಸ್‌ಪೋರ್ಟ್ ಎಲ್ಲಿ?"

ಪಾಸ್‌ಪೋರ್ಟು ಜಾನಕಿಯ ಮನೆಯ ಬೀರುವಿನಲ್ಲಿತ್ತು. ನಾನು ಗಾಜು ಇಳಿಸಿದೆ. ಅಧಿಕಾರಿ ಕಿಟಕಿಗೆ ಬಗ್ಗಿ, ಎಲ್ಲ ಚೆನ್ನಾಗಿದೆಯೇ ಎಂದು ವಿಚಾರಿಸಿದ. ಇವರು ಬಾಯಿ ತೆರೆಯುವ ಮೊದಲೇ ಇವರ ಕೆಳಗಿನಿಂದ ಆ ಯಂತ್ರದ ಧ್ವನಿ ಸ್ಪಷ್ಟವಾಗಿ ಹೇಳಿತು: "ನೋ ಡಿಫೆಕ್ಟ್ಸ್. ನೋ ಡಿಫೆಕ್ಟ್ಸ್."

ಅಧಿಕಾರಿ ಇವರನ್ನು ನೋಡಿದ. ಇವರು ನೇರವಾಗಿ ಎದುರು ನೋಡುತ್ತಿದ್ದರು. "ಒಳ್ಳೆಯ ಸುದ್ದಿ ಸಾರ್," ಎಂದ ಅವನು. ಬಿಸಿಲಿನಲ್ಲಿ ಕಿಟಕಿ ಮುಚ್ಚಿಕೊಂಡು ಇಬ್ಬರು ಹಿರಿಯರು ಕೂತಿದ್ದಾರಲ್ಲ ಎಂದು ನೋಡಲು ಬಂದಿದ್ದನಷ್ಟೆ. ನೀರಿನ ಎರಡು ಬಾಟಲಿ ಕೊಟ್ಟು ಹೋದ. ಅವನ ಕಾರು ತಿರುವು ದಾಟುವವರೆಗೂ ಇವರು ಎದ್ದಿರಲಿಲ್ಲ. ಎದ್ದ ಮೇಲೆ ಆಂಟೆನಾ ಮಾತ್ರ ಸ್ವಲ್ಪ ಬಾಗಿತ್ತು.

ಜೋಳದ ಹೊಲದ ಕ್ರಾಸಿಂಗ್

ನಾವು ಹೊರಡುವುದಕ್ಕೆ ಕೆಲವೇ ದಿನ ಇರುವಾಗ ಡೋರಿಸ್ ನಮ್ಮನ್ನು ಊರ ಹೊರಗಿನ ಒಂದು ಮಣ್ಣುರಸ್ತೆಯ ಕ್ರಾಸಿಂಗಿಗೆ ಕರೆದುಕೊಂಡು ಹೋದಳು. ಎರಡೂ ಕಡೆ ಆಳೆತ್ತರದ ಜೋಳ. ಹಳಿ ರಸ್ತೆಗಿಂತ ಎತ್ತರ, ಆದ್ದರಿಂದ ರಸ್ತೆ ಅಲ್ಲಿ ಒಂಟೆಯ ಬೆನ್ನಿನ ಹಾಗೆ ಏಳುತ್ತದೆ. ಗೇಟಿಲ್ಲ, ಗೇಟ್‌ಮನ್ ಇಲ್ಲ. ಕಂಬಕ್ಕೆ ಒಂದು ನೀಲಿ ಬೋರ್ಡು, ಅದರ ಮೇಲೆ ಅಪಾಯವಾದರೆ ರೈಲಿನವರನ್ನು ಕರೆಯಲು ಫೋನ್ ನಂಬರು ಮತ್ತು ಆ ಕ್ರಾಸಿಂಗಿನದೇ ಆದ ಗುರುತಿನ ಸಂಖ್ಯೆ. ಡೋರಿಸ್ ಗಾಡಿಗಳ ಚಿತ್ರ ತೆಗೆಯಲು ಕ್ಯಾಮೆರಾ ತಂದಿದ್ದಳು. ನಾವು ಕಾರಿನ ಪಕ್ಕದಲ್ಲಿ ನಿಂತು, ನಾನು ಮಾಡಿ ತಂದಿದ್ದ ಪುಳಿಯೋಗರೆ ತಿನ್ನುತ್ತಿದ್ದೆವು.

ಆಗ ಒಂದು ಲಾರಿ ಬಂತು. ಹಿಂದೆ ನೆಲಕ್ಕೆ ತಾಗುವಷ್ಟು ತಗ್ಗಾದ ಟ್ರೈಲರು, ಅದರ ಮೇಲೆ ಮಣ್ಣು ಅಗೆಯುವ ಯಂತ್ರ. ಲಾರಿ ದಿಬ್ಬ ಹತ್ತಿ ಆಚೆ ಇಳಿಯಿತು. ಟ್ರೈಲರಿನ ಹೊಟ್ಟೆ ಹಳಿಯ ಮೇಲೆ ಕೂತುಬಿಟ್ಟಿತು. ಡ್ರೈವರ್ ಮುಂದೆ ಎಳೆದ, ಹಿಂದೆ ತಳ್ಳಿದ. ಗಾಲಿಗಳು ಧೂಳೆಬ್ಬಿಸಿದವೇ ಹೊರತು ಟ್ರೈಲರ್ ಕದಲಲಿಲ್ಲ.

ಕಾರಿನೊಳಗೆ ಸ್ಕ್ಯಾನರ್ ಮಾತಾಡಿತು. ನೋ ಡಿಫೆಕ್ಟ್ಸ್.

ಅಷ್ಟು ದಿನದಲ್ಲಿ ನನಗೂ ಅದರ ಅರ್ಥ ಗೊತ್ತಾಗಿತ್ತು. ಆ ಯಂತ್ರ ಇರುವುದು ಪೂರ್ವದ ಕಡೆ, ನಮ್ಮಿಂದ ಅಷ್ಟೇನೂ ದೂರವಿಲ್ಲ. ಈಗಷ್ಟೇ ಅದರ ಮುಂದೆ ಒಂದು ಗಾಡಿ ಹಾದುಬಂದಿದೆ. ಯಾವ ದೋಷವೂ ಇಲ್ಲದ ಗಾಡಿ, ಪೂರ್ತಿ ವೇಗದಲ್ಲಿ.

ಡೋರಿಸ್ ಕ್ಯಾಮೆರಾ ಕೆಳಗೆ ಹಾಕಿ ಲಾರಿಯ ಕಡೆ ಓಡಿದಳು. "ಇಳಿ! ಇಳಿದು ದೂರ ಹೋಗು!" ಎಂದು ಡ್ರೈವರಿಗೆ ಕೂಗುತ್ತ, ನಮ್ಮ ಕಡೆ ತಿರುಗಿ, "ನೀಲಿ ಬೋರ್ಡು! ಆ ನಂಬರಿಗೆ ಫೋನ್ ಮಾಡಿ!" ಎಂದಳು. ಜಾನಕಿ ಕೊಟ್ಟಿದ್ದ ಫೋನು ನನ್ನ ಕೈಚೀಲದಲ್ಲಿತ್ತು. ನನ್ನ ಕೈಯೆಲ್ಲ ಪುಳಿಯೋಗರೆಯ ಎಣ್ಣೆ. ಒತ್ತಿದ್ದು ಒಂದು, ಬಿದ್ದದ್ದು ಇನ್ನೊಂದು. ಇವರು ನನ್ನ ಕೈಯಿಂದ ಕಿತ್ತುಕೊಂಡು ಬೋರ್ಡಿನ ಕೆಳಗೆ ಹೋಗಿ ನಿಂತರು.

ಯಾರೋ ಒಬ್ಬ ಹೆಂಗಸು ಎತ್ತಿಕೊಂಡಳು, ನಮ್ಮ ಡಿಸ್ಪ್ಯಾಚರ್ ಅಲ್ಲ. ಸ್ಪೀಕರಿನಲ್ಲಿದ್ದುದರಿಂದ ನನಗೂ ಕೇಳಿಸುತ್ತಿತ್ತು. ಇವರು ಒಂದೇ ಸಮನೆ, "ಮೇಡಂ, ಲಾರಿ ಈಸ್ ಸ್ಟ್ರಕ್, ಟ್ರೈನ್ ಈಸ್ ಕಮಿಂಗ್, ಇಮೀಡಿಯೇಟ್ಲಿ ಸ್ಟಾಪ್," ಎಂದರು. ಅವಳು, "ಸಾರ್, ನನಗೆ ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ," ಎಂದಳು. ಇವರು ಮತ್ತೆ ಇನ್ನೂ ವೇಗವಾಗಿ ಹೇಳಿದರು. ಅವಳು ಮತ್ತೆ ಕ್ಷಮಿಸಿ ಎಂದಳು.

ಇವರು ಕಣ್ಣು ಮುಚ್ಚಿದರು. ಮತ್ತೆ ಮಾತಾಡಿದಾಗ ಬೇರೆ ಯಾರೋ ಮಾತಾಡಿದ ಹಾಗಿತ್ತು. ತಗ್ಗಿದ ದನಿ, ಒಂದೊಂದು ಮಾತಿಗೂ ನಡುವೆ ಜಾಗ. ಬೋರ್ಡಿನ ಸಂಖ್ಯೆಯನ್ನು ಅಂಕಿ ಅಂಕಿಯಾಗಿ ಬಿಡಿಸಿ ಓದಿದರು. ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ.

"ಕೆ. ಕೆ ಫಾರ್ ಕೋಡಂಬಾಕ್ಕಂ," ಎಂದರು, ನಮ್ಮ ಲೋಕಲ್ ಲೈನಿನ ಸ್ಟೇಷನ್ನು.

"ಸಾರ್?"

"ಕೆ ಫಾರ್ ಕಿಂಗ್."

"ಕಿಂಗ್. ಸರಿ. ಹಳಿಯಿಂದ ದೂರ ಇರಿ," ಎಂದಳು. ಫೋನು ಮೌನವಾಯಿತು.

ಆಮೇಲೆ ನಡೆದದ್ದನ್ನು ನಾವು ಕಾರಿನ ಕಿಟಕಿಯಿಂದ ಕೇಳಿಸಿಕೊಂಡೆವು. ಮೊದಲು ಏನೂ ಇಲ್ಲ. ಜೋಳದ ಎಲೆಗಳ ಸರಸರ. ಪೂರ್ವದ ಕಡೆ ಹಳಿಯ ತುದಿಯಲ್ಲಿ ಒಂದು ಬೆಳಕಿನ ಚುಕ್ಕೆ ಕಾಣಿಸಿಕೊಂಡಿತು. ಡೋರಿಸ್ ಲಾರಿಯ ಡ್ರೈವರನ್ನು ತೋಳು ಹಿಡಿದು ಎಳೆದುಕೊಂಡು ಬರುತ್ತಿದ್ದಳು. ಅವನು ಹಿಂದೆ ತಿರುಗಿ ತಿರುಗಿ ಲಾರಿಯನ್ನು ನೋಡುತ್ತಿದ್ದ. ಆಗ ಸ್ಕ್ಯಾನರಿನಲ್ಲಿ ಡಿಸ್ಪ್ಯಾಚರ್ ಹೆಂಗಸಿನ ಧ್ವನಿ. ಯಾರ್ಡಿನ ಬೇಲಿಯ ಬಳಿ ದಿನವೂ ಕೇಳುತ್ತಿದ್ದ ಅದೇ ಧ್ವನಿ, ಅದೇ ನಿಧಾನ. ಗಾಡಿಯ ನಂಬರು ಹೇಳಿ ಕರೆದಳು. ನಿಮ್ಮ ಮುಂದಿನ ಕ್ರಾಸಿಂಗಿನಲ್ಲಿ ಲಾರಿ ಸಿಕ್ಕಿಕೊಂಡಿದೆ, ನಿಲ್ಲಿಸಿ, ಈಗಲೇ ನಿಲ್ಲಿಸಿ, ಓವರ್. ರೈಲಿನ ಡ್ರೈವರ್ ಎರಡೇ ಮಾತಿನಲ್ಲಿ ಉತ್ತರ ಕೊಟ್ಟ. ಅವನ ಹಿಂದೆ ಬ್ರೇಕಿನ ಗಾಳಿ ಬಿಟ್ಟ ಬುಸ್ ಎಂಬ ಸದ್ದು ರೇಡಿಯೋದಲ್ಲೇ ಕೇಳಿಸಿತು.

ಗೂಡ್ಸ್ ಗಾಡಿ ಕಾರಿನ ಹಾಗೆ ನಿಲ್ಲುವುದಿಲ್ಲ. ಬೆಳಕು ದೊಡ್ಡದಾಗುತ್ತಲೇ ಬಂತು. ಕೂಗು ನಿಲ್ಲದೆ ಬಂತು. ನೆಲ ನಡುಗಿತು. ಡೋರಿಸ್ ನನ್ನ ಕೈ ಹಿಡಿದುಕೊಂಡಿದ್ದಳೋ ನಾನು ಅವಳದನ್ನೋ ಗೊತ್ತಿಲ್ಲ. ಕಬ್ಬಿಣ ಕಬ್ಬಿಣವನ್ನು ಕೆರೆಯುವ ವಾಸನೆ ಬಂತು, ಮತ್ತೆ ನಿಧಾನ, ಇನ್ನೂ ನಿಧಾನ. ಕಡೆಗೆ ಅದು ನಿಂತಾಗ ಎಂಜಿನ್ನಿನ ಗಾಜಿನ ಹಿಂದೆ ಡ್ರೈವರನ ಗಡ್ಡ ಕಾಣುವಷ್ಟು ಹತ್ತಿರವಿತ್ತು. ಲಾರಿಗೂ ಅದಕ್ಕೂ ನಡುವೆ ನಮ್ಮ ಕ್ರೋಂಪೇಟೆಯ ಲೋಕಲಿನ ಒಂದು ಬೋಗಿ ಹಿಡಿಸುತ್ತಿತ್ತೋ ಇಲ್ಲವೋ.

"ನಿಂತಿದ್ದೇವೆ," ಎಂದ ಡ್ರೈವರ್ ರೇಡಿಯೋದಲ್ಲಿ. "ತಾಗಿಲ್ಲ."

"ಕೇಳಿಸಿತು. ತಾಗಿಲ್ಲ," ಎಂದಳು ಅವಳು. ಮರುಕ್ಷಣವೇ ಬೇರೆ ಗಾಡಿಯೊಂದನ್ನು ಕರೆದು, ನೀವು ಇದ್ದಲ್ಲೇ ಇರಿ, ತಡವಾಗುತ್ತದೆ ಎಂದಳು. ಯಾರು ಫೋನ್ ಮಾಡಿದರೆಂದು ಅವಳಿಗೆ ಗೊತ್ತಿರಲಾರದು.

ಲಾರಿಯ ಡ್ರೈವರ್ ರಸ್ತೆಯಂಚಿನ ಹುಲ್ಲಿನಲ್ಲಿ ಕೂತು ಅಳುತ್ತಿದ್ದ. ಡೋರಿಸ್ ಅವನ ಬೆನ್ನು ಸವರುತ್ತಿದ್ದಳು. ಇವರು ಮಾತ್ರ ಬೋರ್ಡಿನ ಕೆಳಗಿಂದ ಕದಲಿರಲಿಲ್ಲ. ಕೈಯಲ್ಲಿ ಫೋನು ಹಾಗೇ ಇತ್ತು. ಹತ್ತಿರ ಹೋದೆ.

"ಏನ್ರೀ, ಕೂತ್ಕೊಳ್ಳಿ. ನೀರು ಕೊಡ್ಲಾ?"

ಇವರು ಎಂಜಿನ್ನಿನಿಂದ ಕಣ್ಣು ತೆಗೆಯಲಿಲ್ಲ. "ಎಷ್ಟ್ ಗಾಡಿ ನಿಲ್ಸಿದೀನಿ ವಿಮಲಾ," ಎಂದರು. "ದಿನಾ ನಿಲ್ಸೋದೇ ವೇಲೆ, ಅದೇ ಕೆಲ್ಸ. ಹೋಲ್ಡ್ ಮಾಡು ಅಂದ್ರೆ ಅವರು ಹೋಲ್ಡ್ ಮಾಡ್ತಾರೆ, ಚಾರ್ಟಲ್ಲಿ ಗೆರೆ ನಿಂತ್ಹೋಗತ್ತೆ. ಅಷ್ಟೇ. ನಾನು ಹೇಳಿ ನಿಂತ ಗಾಡೀನ ನಾನು ಕಣ್ಣಾರೆ ನೋಡಿದ್ದು ಇದೇ ಮೊದಲು." ಆಮೇಲೆ ಎಂಜಿನ್ನನ್ನು ಕೆಳಗಿಂದ ಮೇಲಕ್ಕೆ ನೋಡಿ, "ಎಷ್ಟ್ ದೊಡ್ಡದಿರತ್ತಲ್ಲ," ಎಂದರು.

ಮತ್ತೆ ಮನೆ

ಹೊರಡುವ ದಿನ ಡೋರಿಸ್ ತನ್ನ ಸ್ಕ್ಯಾನರನ್ನು ಇವರಿಗೆ ಕೊಡಲು ಬಂದಳು. ಇವರು ಎರಡು ಕೈಯಲ್ಲಿ ತೆಗೆದುಕೊಂಡು ನೋಡಿ, ಎರಡು ಕೈಯಲ್ಲಿ ಹಿಂದಿರುಗಿಸಿದರು. ಚೆನ್ನೈ ವಿಮಾನ ನಿಲ್ದಾಣದಲ್ಲಿ ಮತ್ತೆ ಇದರ ಮೇಲೆ ಕೂತುಕೊಳ್ಳುವುದು ತಮ್ಮಿಂದಾಗದು ಎಂದರು.

ಅದಕ್ಕೆ ಅವಳೇ ಒಂದು ದಾರಿ ಕಂಡುಕೊಂಡಳು. ವಾರಕ್ಕೊಮ್ಮೆ ನಮಗೆ ಫೋನ್ ಮಾಡುತ್ತಾಳೆ. ಇವರನ್ನು ರಾಜ್ ಎಂದು ಕರೆಯುತ್ತಾಳೆ. ನಮ್ಮಲ್ಲಿ ದೀಪ ಹಚ್ಚುವ ಹೊತ್ತು, ಅವಳಲ್ಲಿ ಬೆಳಗಿನ ಕಾಫಿ. ಹವಾಮಾನದ ಬಗ್ಗೆ ಎರಡು ಮಾತಾಡಿ ಫೋನನ್ನು ಅಡಿಗೆಮನೆಯ ಮೇಜಿನ ಮೇಲೆ ಸ್ಕ್ಯಾನರಿನ ಪಕ್ಕ ಇಟ್ಟುಬಿಡುತ್ತಾಳೆ. ನಾವು ಇಲ್ಲಿ ಡೈನಿಂಗ್ ಟೇಬಲ್ಲಿನ ಮೇಲೆ ಇಟ್ಟುಕೊಳ್ಳುತ್ತೇವೆ. ನಾನು ಹುರುಳಿಕಾಯಿ ಹೆಚ್ಚುತ್ತೇನೆ. ಇವರು ಹೇಳುತ್ತಾ ಹೋಗುತ್ತಾರೆ, ಇದು ಕಲ್ಲಿದ್ದಲು ಗಾಡಿ, ಇದನ್ನು ಹಿಂದೆ ಹಾಕಿದಳು ನೋಡು, ಅದು ಮುಂದೆ ಹೋಗಬೇಕು. ಫೋನು ಇಟ್ಟ ಮೇಲೂ ಮಾತು ಮುಂದುವರಿಯುತ್ತದೆ. ತಿಂಡಿವನಂನಲ್ಲಿದ್ದ ಒಬ್ಬ ಸ್ಟೇಷನ್ ಮಾಸ್ತರರ ಕೆಮ್ಮಿನಿಂದಲೇ ಇವರಿಗೆ ಮಳೆಗಾಲ ಬಂತೆಂದು ಗೊತ್ತಾಗುತ್ತಿತ್ತಂತೆ. ಇಂಥವನ್ನೆಲ್ಲ ನಾನು ಈಗ ಕೇಳುತ್ತಿದ್ದೇನೆ.

ಹೋದ ತಿಂಗಳು ಡೋರಿಸ್ ಮಾಮೂಲಿನ ದಿನಕ್ಕೆ ಮೊದಲೇ ಫೋನ್ ಮಾಡಿದಳು. "ಇವತ್ತು ಅವಳ ಕಡೆಯ ದಿನ," ಎಂದಳು. "ನಮ್ಮ ಡಿಸ್ಪ್ಯಾಚರ್ ರಿಟೈರ್ ಆಗ್ತಿದ್ದಾಳೆ. ಎಲ್ಲ ಗಾಡಿಯವರೂ ಹೇಳ್ತಿದ್ದಾರೆ. ಕೇಳಿ."

ಕೇಳಿದೆವು. ಒಬ್ಬೊಬ್ಬ ಡ್ರೈವರೂ ತನ್ನ ಗಾಡಿಯ ನಂಬರು ಹೇಳಿ, ಕೆಲಸದ ಮಾತು ಮುಗಿಸಿ, ಕೊನೆಗೆ ಒಂದು ಮಾತು ಸೇರಿಸುತ್ತಿದ್ದ. ನಮ್ಮನ್ನು ಕ್ಷೇಮವಾಗಿ ಮನೆ ಸೇರಿಸಿದಿರಿ, ಮೇಡಂ. ನಿಮ್ಮ ಧ್ವನಿ ಇಲ್ಲದೆ ಬೇಜಾರಾಗುತ್ತದೆ, ಮೇಡಂ. ಅವಳು ಎಲ್ಲರಿಗೂ ಒಂದೇ ದನಿಯಲ್ಲಿ, ಕೇಳಿಸಿತು, ಥ್ಯಾಂಕ್ ಯೂ, ಓವರ್ ಎನ್ನುತ್ತಿದ್ದಳು.

ಇವರ ನಿವೃತ್ತಿಯ ದಿನ ಶಾಲು, ಗಂಧದ ಹಾರ, ಗೋಡೆ ಗಡಿಯಾರ ಮನೆಗೆ ಬಂದದ್ದು ನನಗೆ ಗೊತ್ತು. ಬೇರೇನೂ ಗೊತ್ತಿರಲಿಲ್ಲ. "ನಿಮ್ಗೂ ಸ್ಟೇಷನ್ನೋರು ಹೀಗೆ ಹೇಳಿದ್ರಾ?" ಎಂದು ಕೇಳಿದೆ.

"ಹೇಳಿದ್ರು. ಒಂದೊಂದ್ ಸ್ಟೇಷನ್ನೂ."

"ನೀವೇನಂದ್ರಿ?"

ಇವರು ಕೈಯೆತ್ತಿ ನನ್ನನ್ನು ತಡೆದರು. ಫೋನಿನಲ್ಲಿ ಒಬ್ಬ ಮುದುಕ ಡ್ರೈವರ್, ನಾನು ಈ ಹಳಿಗೆ ಬಂದ ಮೊದಲ ದಿನ ಮಾತಾಡಿಸಿದ್ದು ನೀವೇ ಎಂದು ಹೇಳಿ ಮುಗಿಸಿದ್ದ. ಅವಳ ಉತ್ತರ ಬರಲಿಲ್ಲ. ಬರಿಯ ಸಣ್ಣ ಸುಯ್ ಎಂಬ ಸದ್ದು.

"ಲೈನ್ ಕಟ್ಟಾಯ್ತೇನ್ರೀ?"

"ಇಲ್ಲ. ಮೈಕಿನ ಗುಂಡಿ ಒತ್ತಿ ಹಿಡ್ದಿದಾಳೆ," ಎಂದರು ಇವರು ಮೆಲ್ಲಗೆ. "ಮಾತು ಬರ್ತಿಲ್ಲ ಅವಳ್ಗೆ."

ನಾನು ಕೇಳಿದ್ದ ಪ್ರಶ್ನೆಗೆ ಮತ್ತೆ ಉತ್ತರ ಬೇಕೆನಿಸಲಿಲ್ಲ. ಆ ಸುಯ್ ಸದ್ದು ಇನ್ನೂ ಸ್ವಲ್ಪ ಹೊತ್ತು ಇತ್ತು. ಇವರು ಕುರ್ಚಿ ಎಳೆದುಕೊಂಡು, ಫೋನಿಗೆ ಬಗ್ಗಿ, ತಮ್ಮ ಸ್ಟೇಷನ್ನಿನವರ ಜೊತೆ ಆಡುತ್ತಿದ್ದ ತಮಿಳಿನಲ್ಲೇ, "ಪೋಯಿಟ್ಟು ವಾಂಗಮ್ಮಾ," ಎಂದರು. ಹೋಗಿ ಬನ್ನಿ ಅಮ್ಮಾ.

ಆ ಕಡೆಯಿಂದ ಡೋರಿಸ್ ಫೋನೆತ್ತಿಕೊಂಡಳು. "ರಾಜ್, ನನಗೇನಾದರೂ ಹೇಳಿದಿರಾ?"

"ನಿಮಗಲ್ಲ," ಎಂದರು ಇವರು. "ಅವಳಿಗೆ."